ಗುಂಪು ಹುಡುಕಿ ಬಸವೇಶ್ವರನಗರಕ್ಕೆ ಹೋದೆ. ಅದು ನಮ್ಮೂರಲ್ಲೂ ಬೇಕು

- ಮಾಗಡಿ ತಾಲೂಕಿನ ಒಬ್ಬ ರೈತ

ತೆಂಗಿಗೆ ನುಸಿ ಬಿದ್ದಾಗ ನಾವು ಬಾಯಿ ಮುಚ್ಚಿಕೊಂಡು ಕೂತೆವಾ? ಇಲ್ಲ. ಡೇರಿ ಹತ್ರ, ಅರಳಿಕಟ್ಟೆ ಮೇಲೆ, ಬಸ್ಸಿನಲ್ಲಿ ಎಲ್ಲಾ ಕಡೆ ಅದೇ ಮಾತು. ಯಾರು ಬೇವಿನೆಣ್ಣೆ ಹೊಡೆದರು, ಯಾರು ಬೇರಿಗೆ ಔಷಧಿ ಕೊಟ್ಟರು, ಯಾರಿಗೆ ಗುಣ ಕಾಣಲಿಲ್ಲ ಅಂತ ಒಬ್ಬರಿಗೊಬ್ಬರು ಹೇಳಿಕೊಂಡೆವು. ಹಸುವಿಗೆ ಕೆಚ್ಚಲು ಬಾವು ಬಂದರೂ ಅಷ್ಟೆ, ನಾಲ್ಕು ಜನರನ್ನು ಕೇಳುತ್ತೇವೆ. ಆದರೆ ಮನೆ ಯಜಮಾನನಿಗೇ ಒಂದು ಕಾಯಿಲೆ ಬಂದು, ಬೆಳೆ, ಹಸು, ಹೆಂಡತಿ ಕೊರಳಿನ ಸರ ಎಲ್ಲವನ್ನೂ ತಿಂದು ಹಾಕುತ್ತಿದ್ದರೂ ಆ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ.

ಆ ಕಾಯಿಲೆ ಕುಡಿತ. ನನಗೂ ಇತ್ತು. ಇತ್ತು ಅನ್ನುವುದಕ್ಕಿಂತ ಇದೆ ಅನ್ನುವುದೇ ಸರಿ. ಇವತ್ತು ಕುಡಿದಿಲ್ಲ, ಅಷ್ಟೆ. ಈ ಪತ್ರಿಕೆಯಲ್ಲಿ ನಾವು ಸೋತ ಬೆಳೆಯ ಕತೆಯನ್ನೂ ಬರೆಯುತ್ತೇವೆ. ಅದೇ ಧೈರ್ಯದಲ್ಲಿ ಇದನ್ನೂ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಅಂತ ಸಂಪಾದಕರನ್ನು ಕೇಳಿಕೊಂಡಿದ್ದೇನೆ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಕುಡಿತದ ಲೆಕ್ಕ

ನನ್ನದು ಎರಡೂವರೆ ಎಕರೆ. ರಾಗಿ, ಅವರೆ, ಹದಿನೆಂಟು ಮಾವಿನ ಮರ, ಕೊಳವೆಬಾವಿಯ ಅಷ್ಟಿಷ್ಟು ನೀರಿಗೆ ಟೊಮ್ಯಾಟೊ ಇಲ್ಲವೇ ಹುರುಳಿಕಾಯಿ, ಎರಡು ಸೀಮೆಹಸು. 2016ರಲ್ಲಿ ನಾನು ಕುಡಿತಕ್ಕೆ ಹಾಕುತ್ತಿದ್ದದ್ದು ದಿನಕ್ಕೆ ಸರಾಸರಿ 150 ರೂಪಾಯಿ. ವರ್ಷಕ್ಕೆ 54,750. ಇದು ಬಾಟ್ಲಿಯ ದುಡ್ಡು ಮಾತ್ರ. ಮೂರು ದಿನ ಎದ್ದೇಳದೆ ಮಲಗಿದ್ದಕ್ಕೆ ಔಷಧಿ ತಪ್ಪಿ ಅಂಗಮಾರಿಗೆ ಹೋದ ಅರ್ಧ ಎಕರೆ ಟೊಮ್ಯಾಟೊ, ಬೆದೆಗೆ ಬಂದದ್ದನ್ನು ಗಮನಿಸದೆ ಎರಡು ಸಲ ತಪ್ಪಿಹೋದ ಹಸು, ಕಟ್ಟದೆ ಬಡ್ಡಿ ಏರಿದ ಸೊಸೈಟಿ ಸಾಲ, ಇವು ಲೆಕ್ಕಕ್ಕೆ ಸೇರಿಲ್ಲ. ಕೃಷಿಯಲ್ಲಿ ಲಾಭ ಇಲ್ಲ ಅಂತ ನಾನು ಆಗ ಎಲ್ಲರ ಹತ್ರ ಹೇಳುತ್ತಿದ್ದೆ. ಲಾಭ ಎಲ್ಲಿ ಹೋಗುತ್ತಿದೆ ಅಂತ ನನ್ನ ಹೆಂಡತಿಗೆ ಗೊತ್ತಿತ್ತು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ನಮ್ಮಂಥವರು ನಿಲ್ಲಲಿಲ್ಲ, ಬ್ರಾಂಡಿ ಪ್ಯಾಕೆಟ್ಟಿಗೆ ಹೋದೆವು. ಬಾರು ದೂರ ಇದ್ದರೂ ಪೆಟ್ಟಿಗೆ ಅಂಗಡಿ ಹತ್ರ ಇತ್ತು.

ಪುಡಿ, ಆಣೆ, ಬೀಗ

ಬಿಡಬೇಕು ಅಂತ ಪ್ರಯತ್ನ ಮಾಡಲಿಲ್ಲವೇ ಅಂತ ಕೇಳಬಹುದು. ಮಾಡಿದೆವು. ಗೋಡೆ ಮೇಲೆ ಬರೆದಿರುತ್ತಾರಲ್ಲ, ‘ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಅಂತ, ಆ ಪುಡಿಯನ್ನು ಮನೆಯವಳು ಸಾರಿಗೆ ಬೆರೆಸಿದಳು. ಅವತ್ತು ಕುಡಿದು ಬಂದ ಮೇಲೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಜೀವ ಹೋದಂತೆ ಆಯಿತು. ಡಾಕ್ಟರು ಕೊಡುವ ಡೈಸಲ್ಫಿರಾಮ್ ಅನ್ನುವ ಮಾತ್ರೆ ಇಂಥದೇ ಕೆಲಸ ಮಾಡುತ್ತದೆ. ಅದು ಮದ್ಯದ ಜೊತೆ ಸೇರಿದರೆ ಮೈಗೆ ಆಗದು ಅಂತ 1948ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ತಿಳಿಸಿದರು. ಆದರೆ ಅದನ್ನು ಕೊಡುವುದು ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿ. ಗೊತ್ತಿಲ್ಲದೆ ತಿಂದವನು ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಸಾಯಲೂಬಹುದು. ಹೆಂಗಸರೇ, ದಯವಿಟ್ಟು ಕದ್ದು ಯಾವ ಪುಡಿಯನ್ನೂ ಊಟಕ್ಕೆ ಹಾಕಬೇಡಿ.

ದೇವರ ಮುಂದೆ ಆಣೆ ಮಾಡಿಸಿದರು. ಹನ್ನೊಂದು ದಿನ ನಡೆಯಿತು. ಕೊನೆಗೆ ಸಾಲ ಮಾಡಿ ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದರು. ಬೀಗ ಹಾಕಿದ ಕೋಣೆ, ಮಾತು ಎತ್ತಿದರೆ ಏಟು. ಬಿಡುಗಡೆಯಾದ ದಿನ ಬಸ್ ಸ್ಟ್ಯಾಂಡಿನ ಪಕ್ಕದ ಬಾರಿಗೇ ಮೊದಲು ಹೋದೆ. ಹೊಡೆಯುವುದು ಚಿಕಿತ್ಸೆ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದಿಂದ ಬಂದ ಕಾಯಿಲೆಗೂ ಅನ್ವಯಿಸುತ್ತದೆ. ಅದರ ಪ್ರಕಾರ ರೋಗಿಯನ್ನು ಸರಪಳಿಯಲ್ಲಿ ಕಟ್ಟಿಹಾಕುವಂತಿಲ್ಲ. ಇದು ಆಗ ನಮಗೆ ಗೊತ್ತಿರಲಿಲ್ಲ.

ಅಕ್ಕನ ಮನೆ

ನಮ್ಮಕ್ಕನ ಮನೆ ಬೆಂಗಳೂರಿನ ಬಸವೇಶ್ವರನಗರದಲ್ಲಿ, ಹಾವನೂರು ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರ. 2017ರ ಶ್ರಾವಣದಲ್ಲಿ ಅಕ್ಕ ಬಂದು ನನ್ನನ್ನು ಕರೆದುಕೊಂಡು ಹೋದಳು. ಎರಡನೇ ದಿನ ಸಂಜೆ ಬಾವ ಹೇಳಿದರು: ‘ಬಾರಯ್ಯ, ಒಂದು ಕಡೆ ಹೋಗಿ ಬರೋಣ. ನಿನಗೆ ಬುದ್ಧಿ ಹೇಳ್ಸೋಕೆ ಕರ್ಕೊಂಡು ಹೋಗ್ತಿಲ್ಲ. ಅಲ್ಲಿ ಯಾರೂ ಬುದ್ಧಿ ಹೇಳಲ್ಲ. ಸುಮ್ನೆ ಕೂತು ಕೇಳು.’ ಬಾವ ಕುಡಿಯುವವರಲ್ಲ. ಅವರ ಫ್ಯಾಕ್ಟರಿಯಲ್ಲಿ ಜೊತೆಗೆ ಕೆಲಸ ಮಾಡುವ ಒಬ್ಬರು ಈ ಗುಂಪಿನವರು.

ಯಾವ ಕಟ್ಟಡ, ಯಾವ ರಸ್ತೆ ಅಂತ ಬರೆಯುವುದಿಲ್ಲ. ಒಂದು ಕೋಣೆ, ಹದಿನೈದಿಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಫ್ಲಾಸ್ಕಿನಲ್ಲಿ ಟೀ, ಒಂದು ಪೊಟ್ಟಣ ಬಿಸ್ಕತ್ತು. ಇದು ಆಲ್ಕೊಹಾಲಿಕ್ಸ್ ಅನಾನಿಮಸ್, ಜನ ಎಎ ಅಂತ ಕರೆಯುತ್ತಾರೆ. ಹೆಸರು ಹೇಳದ ಕುಡುಕರ ಕೂಟ ಅಂತ ಅರ್ಥ. ಮಾತೆಲ್ಲ ಕನ್ನಡದಲ್ಲೇ. ಒಬ್ಬೊಬ್ಬರು ತಮ್ಮ ಹೆಸರಷ್ಟೇ ಹೇಳಿ, ‘ನಾನು ಮದ್ಯವ್ಯಸನಿ’ ಅಂತ ಶುರು ಮಾಡುತ್ತಾರೆ. ಎಷ್ಟು ಕುಡಿಯುತ್ತಿದ್ದೆ, ಏನಾಯಿತು, ಈಗ ಹೇಗಿದ್ದೇನೆ ಅಂತ ಐದು ಹತ್ತು ನಿಮಿಷ ಮಾತು. ನಡುವೆ ಬಾಯಿ ಹಾಕುವಂತಿಲ್ಲ, ತೀರ್ಪು ಕೊಡುವಂತಿಲ್ಲ. ಕೊನೆಗೆ ಒಂದು ಚೀಲ ಬರುತ್ತದೆ. ಇದ್ದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ, ಇಲ್ಲದವರು ಮುಂದಕ್ಕೆ ದಾಟಿಸುತ್ತಾರೆ. ಫೀಸಿಲ್ಲ, ಅರ್ಜಿಯಿಲ್ಲ. ಸೇರಲು ಬೇಕಾದ್ದು ಒಂದೇ, ಕುಡಿತ ಬಿಡಬೇಕು ಅನ್ನುವ ಆಸೆ.

ಅಲ್ಲಿ ಬೇರೆಯವರು ಹೇಳಿದ್ದನ್ನು ನಾನು ಬರೆಯುವ ಹಾಗಿಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು ಅನ್ನುವುದು ಕಟ್ಟುನಿಟ್ಟು. ನನ್ನದನ್ನು ಬರೆಯಬಹುದು. ನಾಲ್ಕನೇ ವಾರ ನಾನು ಬಾಯಿಬಿಟ್ಟೆ. ಕಲಾಸಿಪಾಳ್ಯಕ್ಕೆ ಟೊಮ್ಯಾಟೊ ಹಾಕಿ, ಬಂದ ದುಡ್ಡಿಗೆ ಕುಡಿದು, ಮಾರ್ಕೆಟ್ಟಿನ ಕಸದ ಪಕ್ಕ ಮಲಗಿದ್ದು, ಎಂಟನೇ ಕ್ಲಾಸಿನ ಮಗ ಇಬ್ಬರು ನೆಂಟರ ಜೊತೆ ರಾತ್ರಿಯೆಲ್ಲ ಹುಡುಕಿಕೊಂಡು ಬಂದದ್ದನ್ನು ಹೇಳಿದೆ. ಯಾರೂ ‘ಛೆ’ ಅನ್ನಲಿಲ್ಲ. ಎದುರಿಗೆ ಕೂತವರೊಬ್ಬರು ತಲೆ ಆಡಿಸಿದರು. ಇವರಿಗೂ ಇಂಥದೇ ಆಗಿದೆ ಅಂತ ಆ ತಲೆ ಆಡಿಸಿದ್ದರಲ್ಲೇ ತಿಳಿಯಿತು. ಬಸವಣ್ಣನವರ ಕಾಲದ ಅನುಭವ ಮಂಟಪದಲ್ಲಿ ಕಾಯಕದವರೆಲ್ಲ ಕೂತು ತಮ್ಮ ತಮ್ಮ ಅನುಭವ ಹೇಳಿಕೊಳ್ಳುತ್ತಿದ್ದರು ಅಂತ ಕೇಳಿದ್ದೇವೆ. ಅವರ ಹೆಸರಿನ ನಗರದಲ್ಲಿ ನಾನು ಕಂಡದ್ದೂ ಅನುಭವ ಹೇಳಿಕೊಳ್ಳುವ ಜಾಗವನ್ನೇ.

ಇದು ಹುಟ್ಟಿದ್ದು ಹೇಗೆ?

1935ರಲ್ಲಿ ಅಮೆರಿಕದ ಆಕ್ರನ್ ಅನ್ನುವ ಊರಿಗೆ ಬಿಲ್ ಅನ್ನುವ ಶೇರು ವ್ಯಾಪಾರಿ ಕೆಲಸದ ಮೇಲೆ ಬಂದಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತು, ಉಳಿದುಕೊಂಡ ಹೋಟೆಲಿನ ಬಾರು ಕರೆಯುತ್ತಿತ್ತು. ಅವನು ಬಾರಿಗೆ ಹೋಗದೆ ಫೋನಿನ ಹತ್ರ ಹೋದ. ಮಾತಾಡಲು ಇನ್ನೊಬ್ಬ ಕುಡುಕ ಸಿಗುತ್ತಾನಾ ಅಂತ ವಿಚಾರಿಸಿದ. ಹಾಗೆ ಸಿಕ್ಕಿದವರು ಬಾಬ್ ಅನ್ನುವ ಸರ್ಜನ್. ಬಾಬ್ ಕೊನೆಯ ಸಲ ಕುಡಿದ ದಿನ ಅಂತ 1935ರ ಜೂನ್ 10ನ್ನೇ ಈ ಕೂಟದ ಹುಟ್ಟಿದ ದಿನ ಮಾಡಿಕೊಂಡಿದ್ದಾರೆ. ನಮ್ಮ ದೇಶದಲ್ಲಿ ಮೊದಲ ಗುಂಪು ಸೇರಿದ್ದು 1957ರಲ್ಲಿ, ಮುಂಬಯಿಯಲ್ಲಿ.

ಇದರಲ್ಲಿ ನನಗೆ ಹಿಡಿಸಿದ ಅಂಶ ಒಂದೇ. ಬಿಲ್ ಆ ಡಾಕ್ಟರನ್ನು ಉದ್ಧಾರ ಮಾಡಲು ಹೋಗಲಿಲ್ಲ, ತಾನು ಉಳಿದುಕೊಳ್ಳಲು ಹೋದ. ಕುಡುಕನ ಮಾತು ಕುಡುಕನಿಗೆ ಹತ್ತುವಷ್ಟು ಬೇರೆಯವರ ಉಪದೇಶ ಹತ್ತುವುದಿಲ್ಲ. ಕೃಷಿ ಇಲಾಖೆಯವರ ಭಾಷಣಕ್ಕಿಂತ ಪಕ್ಕದ ಹೊಲದವನ ಮಾತು ನಮಗೆ ಬೇಗ ತಲೆಗೆ ಹೋಗುವುದಿಲ್ಲವೇ, ಹಾಗೇ.

ನಾನು ಸುಮ್ಮನಿದ್ದದ್ದು

ಪ್ರತಿ ವಾರ ಊರಿಂದ ಬಸ್ಸು ಹತ್ತಿ ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯದಲ್ಲಿ ಇಳಿದು ಹೋಗುತ್ತಿದ್ದೆ. ಊರಲ್ಲಿ ಕೇಳಿದವರಿಗೆ ‘ಸಕ್ಕರೆ ಕಾಯಿಲೆ ಚೆಕಪ್ಪು’ ಅನ್ನುತ್ತಿದ್ದೆ. ಒಂದು ಸಲ ಜಾರಿದ್ದೂ ಉಂಟು. 2018ರ ಹೊಸತೊಡಕಿನ ದಿನ ಬಾಡೂಟಕ್ಕೆ ಹೋಗಿ ‘ಇವತ್ತೊಂದಿನ’ ಅಂತ ಕುಡಿದೆ. ಮಾರನೇ ವಾರ ತಲೆ ತಗ್ಗಿಸಿಕೊಂಡು ಹೋದೆ. ಕುರ್ಚಿ ಎಳೆದು ಕೊಟ್ಟರು, ಟೀ ಕೊಟ್ಟರು, ಅಷ್ಟೆ. ಆಮೇಲೆ ಕುಡಿದಿಲ್ಲ. ಇಡೀ ಜನ್ಮಕ್ಕೆ ಬಿಡುತ್ತೇನೆ ಅಂತ ಆಣೆ ಹಾಕುವುದು ಅಲ್ಲಿಲ್ಲ. ಇವತ್ತು ಒಂದು ದಿನ ಕುಡಿಯುವುದಿಲ್ಲ, ನಾಳೆಯದು ನಾಳೆಗೆ.

ಈಗ ಹೇಳಲೇಬೇಕಾದ ಮಾತು. 2020ರ ಮಾರ್ಚ್ 25, ಯುಗಾದಿಯ ದಿನವೇ ದೇಶವೆಲ್ಲ ಬಾಗಿಲು ಹಾಕಿತು. ಬಾರುಗಳು ಮುಚ್ಚಿದವು. ಊರಿನ ಹೆಂಗಸರು ‘ಸದ್ಯ, ಇನ್ನು ನೆಮ್ಮದಿ’ ಅಂದರು. ನನ್ನ ಪಕ್ಕದ ಜಮೀನಿನವರು, ವರಸೆಯಲ್ಲಿ ನನಗೆ ಮಾವ, ಬೆಳಗ್ಗೆ ಎದ್ದು ಕುಡಿಯದಿದ್ದರೆ ಕೈ ನಡುಗುವಷ್ಟು ಆಗಿತ್ತು ಅವರಿಗೆ. ಪ್ಯಾಕೆಟ್ಟು ಸಿಗದೆ ಏಕಾಏಕಿ ನಿಂತಿತು. ಮೊದಲ ದಿನ ಬೆವರು, ನಡುಕ, ವಾಂತಿ. ಎರಡನೇ ರಾತ್ರಿ ಫಿಟ್ಸ್ ಬಂತು. ಮೂರನೇ ದಿನ ಗೋಡೆ ಮೇಲೆ ಇಲ್ಲದ ಹುಳ ಹಿಡಿಯೋಕೆ ಶುರು ಮಾಡಿದರು. ಗಾಳಿ ಸೋಕಿದೆ ಅಂತ ಮನೆಯವರು ಕೋಣೆಯಲ್ಲಿ ಕೂಡಿ ದಾರ ಕಟ್ಟಿಸಿದರು. ನಾಲ್ಕನೇ ದಿನ ಆಸ್ಪತ್ರೆ ದಾರಿಯಲ್ಲಿ ಜೀವ ಹೋಯಿತು.

ಇದು ಏನು ಅಂತ ನನಗೆ ಗೊತ್ತಿತ್ತು. ಬಸವೇಶ್ವರನಗರದ ಆ ಕೋಣೆಯಲ್ಲಿ ಕೂತು ನಾನು ಇದನ್ನು ಎಷ್ಟೋ ಸಲ ಕೇಳಿದ್ದೆ. ಮೊದಲ ದಿನವೇ ನಾನು ಅವರ ಮನೆಗೆ ಹೋಗಿ ‘ಆಸ್ಪತ್ರೆಗೆ ಹೊರಡಿ’ ಅನ್ನಬಹುದಿತ್ತು. ಬಾಗಿಲವರೆಗೂ ಹೋಗಿದ್ದೆ. ನಿನಗೆ ಹೇಗೆ ಗೊತ್ತು ಅಂತ ಕೇಳುತ್ತಾರಲ್ಲ, ನನ್ನ ಗುಟ್ಟು ಬಯಲಾಗುತ್ತದಲ್ಲ ಅಂತ ಮಾತು ನುಂಗಿ ವಾಪಸು ಬಂದೆ. ಹೇಳಿದ್ದರೆ ಉಳಿಯುತ್ತಿದ್ದರು ಅಂತ ಆಣೆ ಮಾಡಿ ಹೇಳಲಾರೆ. ಹೇಳಲಿಲ್ಲ ಅನ್ನುವುದು ಮಾತ್ರ ನನ್ನ ಜೊತೆ ಇರುತ್ತದೆ.

ಆದ್ದರಿಂದ ಓದುಗರು ಇದೊಂದನ್ನು ನೆನಪಿಡಿ. ದಿನಾ ವಿಪರೀತ ಕುಡಿಯುವವನು ಒಮ್ಮೆಲೇ ನಿಲ್ಲಿಸುವುದು ಅಪಾಯ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣುವುದು, ಹೊತ್ತು ಗೊತ್ತು ತಪ್ಪುವುದು ಆಗಬಹುದು. ಇದು ದೆವ್ವ ಅಲ್ಲ. ಮದ್ಯಕ್ಕೆ ಒಗ್ಗಿಹೋದ ಮೆದುಳು ಅದು ಸಿಗದೆ ಕೆರಳುವುದು. ಆಸ್ಪತ್ರೆಯಲ್ಲಿ ಇದಕ್ಕೆ ಔಷಧಿ ಇದೆ, ಥಯಾಮಿನ್ ಅನ್ನುವ ಬಿ-1 ವಿಟಮಿನ್ ಕೊಡುತ್ತಾರೆ, ಕೆಲವು ದಿನದಲ್ಲಿ ಸುಧಾರಿಸುತ್ತಾರೆ. ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ. ಗುಂಪು ಆಸ್ಪತ್ರೆಗೆ ಬದಲು ಅಲ್ಲ. ಮೈ ಸರಿ ಮಾಡುವುದು ಡಾಕ್ಟರು, ಆಮೇಲೆ ಬಿಟ್ಟ ಹಾಗೆ ಉಳಿಸುವುದು ಗುಂಪು.

ಬಾರು ಮುಚ್ಚಿದರೆ ಸಾಲದೇ?

2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಬೇಕು ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರ ಸಿಟ್ಟು ನ್ಯಾಯ. ಪೆಟ್ಟಿಗೆ ಅಂಗಡಿಯಲ್ಲಿ ಕದ್ದು ಮಾರುವುದಂತೂ ನಾಳೆಯೇ ನಿಲ್ಲಬೇಕು. ಆದರೆ 2020ರಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಅಂಗಡಿ ಮುಚ್ಚಿತ್ತಲ್ಲ, ಆಗ ಕೆಲವರು ಬಿಟ್ಟರು, ಕೆಲವರು ಸತ್ತರು, ಉಳಿದವರು ಮೇ 4ರ ಬೆಳಗ್ಗೆ ಸಾಲು ನಿಂತರು. ಬಾಟ್ಲಿ ಎತ್ತಿಟ್ಟರೆ ಸಾಲದು, ಬಿಟ್ಟವನು ಕೂರಲು ಒಂದು ಜಾಗ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಳ್ಳಿಯಲ್ಲಿ ಇದು ನಡೆಯುವುದಿಲ್ಲ ಅನ್ನಬೇಡಿ. ಧರ್ಮಸ್ಥಳದ ಕಡೆಯಿಂದ ಜನಜಾಗೃತಿ ವೇದಿಕೆಯವರು ಊರೂರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ಮಾಡುವುದು ಕರಾವಳಿ, ಮಲೆನಾಡಿನ ಓದುಗರಿಗೆ ಗೊತ್ತು. ಶಿಬಿರ ಮುಗಿದ ಮೇಲೆ ಬಿಟ್ಟವರು ಕೂಡುವ ನವಜೀವನ ಸಮಿತಿಗಳೂ ಇವೆ. ಎಂಟು ದಿನ ಮುಗಿದ ಮೇಲೆ ಒಂಬತ್ತನೇ ದಿನ ಇದೆಯಲ್ಲ, ಕಷ್ಟ ಇರುವುದು ಅಲ್ಲಿ. ಎಎ ಆಗಲಿ, ನವಜೀವನ ಸಮಿತಿಯಾಗಲಿ, ಆ ಒಂಬತ್ತನೇ ದಿನಕ್ಕೆ ಬೇಕು.

ನಾವು ಮಾಡಿದ್ದು

ಇಬ್ಬರು ಮೂವರು ಕುಡುಕರು ಬಿಡುವುದಕ್ಕಾಗಿ ಸೇರಿದರೆ ಅದೇ ಒಂದು ಗುಂಪು ಅನ್ನುವುದು ಎಎಯವರ ರೂಢಿ. 2021ರಲ್ಲಿ ನಾವು ಮೂವರು ಸೇರಿದೆವು. ಜಾಗ, ಹುಳ ಮೇಯಿಸುವುದು ಬಿಟ್ಟ ಒಬ್ಬರ ರೇಷ್ಮೆ ಶೆಡ್ಡು. ಹೊತ್ತು, ಗುರುವಾರ ಸಂಜೆ ಡೇರಿಗೆ ಹಾಲು ಹಾಕಿದ ಮೇಲೆ. ಈ ಹೊತ್ತನ್ನೇ ಬೇಕೆಂದು ಇಟ್ಟುಕೊಂಡೆವು. ಹಾಲು ಹಾಕಿ, ಬಟವಾಡೆ ದುಡ್ಡು ಜೇಬಲ್ಲಿಟ್ಟುಕೊಂಡು ಬರುವ ಹೊತ್ತೇ ನಮ್ಮ ಕುಡಿತದ ಹೊತ್ತು. ಮೊದಮೊದಲು ಬಸವೇಶ್ವರನಗರದಿಂದ ಇಬ್ಬರು ಹಳಬರು ಬಂದು ಜೊತೆಗೆ ಕೂತರು, ಬಸ್ ಚಾರ್ಜೂ ತಗೊಳ್ಳಲಿಲ್ಲ. ಈಗ ಆರು ಜನ ತಪ್ಪದೆ ಬರುತ್ತಾರೆ. ಇಬ್ಬರು ಮತ್ತೆ ಕುಡಿತಕ್ಕೆ ಹೋದರು, ಅವರಲ್ಲಿ ಒಬ್ಬರು ವಾಪಸು ಬಂದರು. ಇನ್ನೊಬ್ಬರಿಗೆ ಕುರ್ಚಿ ಇದೆ.

ಊರಲ್ಲಿ ಗುಟ್ಟು ಉಳಿಯುತ್ತದಾ ಅಂತ ಕೇಳುತ್ತೀರಿ. ನಾನು ಕುಡಿದು ಚರಂಡಿಯಲ್ಲಿ ಬಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಬಿಟ್ಟದ್ದನ್ನು ಮುಚ್ಚಿಡುವುದರಲ್ಲಿ ಏನು ಮರ್ಯಾದೆ? ಇನ್ನೊಬ್ಬನ ಗುಟ್ಟು ಬಿಟ್ಟುಕೊಡಬಾರದು, ಅದು ಸರಿ. ನನ್ನ ಬಾಯಿಗೆ ನಾನೇ ಹೊಲಿಗೆ ಹಾಕಿಕೊಳ್ಳಬೇಕು ಅಂತ ಅದರ ಅರ್ಥ ಅಲ್ಲ. ಊರಲ್ಲಿ ಕೇಳಿದವರಿಗೆ ಈಗ ಹೇಳುತ್ತೇನೆ. ಪತ್ರಿಕೆಯಲ್ಲಿ ಹೆಸರು ಹಾಕದಿರುವುದು ಕೂಟದ ರೂಢಿ. ಒಬ್ಬನ ಹೆಸರು ದೊಡ್ಡದಾಗಿ, ನಾಳೆ ಅವನು ಬಿದ್ದರೆ ಕೂಟಕ್ಕೇ ಕೆಟ್ಟ ಹೆಸರು ಅಂತ.

ದೇವರ ಮಾತು ಬರುತ್ತದಲ್ಲ ಅಂತ ಕೆಲವರ ತಕರಾರು. ಅವರ ಹನ್ನೆರಡು ಹೆಜ್ಜೆಗಳಲ್ಲಿ ನಮಗಿಂತ ದೊಡ್ಡ ಶಕ್ತಿ ಅಂತ ಬರುತ್ತದೆ. ಅದು ಅವರವರು ತಿಳಿದುಕೊಂಡ ಹಾಗೆ. ನಮ್ಮಲ್ಲಿ ಒಬ್ಬರಿಗೆ ಅದು ಮಾಗಡಿ ರಂಗನಾಥ, ಇನ್ನೊಬ್ಬರಿಗೆ ಗುಂಪೇ.

ನಮ್ಮ ತಪ್ಪು, ನಮ್ಮ ಕೆಲಸ

ಇನ್ನೊಂದು ಮಾತು ಕಹಿಯಾಗಬಹುದು. ಕೂಲಿಯವರು ಸಿಗುವುದಿಲ್ಲ ಅಂತ ಸಂಜೆ ಕೂಲಿ ಜೊತೆಗೆ ಕ್ವಾರ್ಟರ್ ಕೊಡುವವರು ಯಾರು? ನಾವೇ. ನಾನೂ ಕೊಟ್ಟಿದ್ದೇನೆ. ಬೇಗ ಕೆಲಸ ಮುಗಿಯಲಿ ಅಂತ ಮಧ್ಯಾಹ್ನವೇ ತರಿಸಿಕೊಟ್ಟದ್ದೂ ಇದೆ. ಅವರ ಮನೆಯ ರಾತ್ರಿ ಹೇಗಿರುತ್ತದೆ ಅಂತ ಯೋಚಿಸಲಿಲ್ಲ. ಆ ದುಡ್ಡನ್ನು ಕೂಲಿಗೇ ಸೇರಿಸಿ ಕೊಡಿ.

ನಿಮಗೆ ಸಂಶಯ ಇದ್ದರೆ ಡಾಕ್ಟರುಗಳು ಕೇಳುವ ನಾಲ್ಕು ಪ್ರಶ್ನೆ ಇವೆ. ಕುಡಿತ ಕಡಿಮೆ ಮಾಡಬೇಕು ಅಂತ ಅನಿಸಿದೆಯಾ? ಕುಡಿತದ ಬಗ್ಗೆ ಬೇರೆಯವರು ಅಂದದ್ದಕ್ಕೆ ಸಿಟ್ಟು ಬಂದಿದೆಯಾ? ಕುಡಿದದ್ದಕ್ಕೆ ತಪ್ಪು ಮಾಡಿದೆ ಅನಿಸಿದೆಯಾ? ಬೆಳಗ್ಗೆ ಎದ್ದ ತಕ್ಷಣ ನಡುಕ ನಿಲ್ಲಿಸಲು ಕುಡಿದದ್ದಿದೆಯಾ? ಎರಡಕ್ಕೆ ಹೌದು ಅಂದರೆ ಡಾಕ್ಟರನ್ನು ನೋಡಿ. ನನಗೆ ನಾಲ್ಕೂ ಹೌದಾಗಿತ್ತು.

ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಫೋನಿನಲ್ಲಿ ಕೇಳುವುದಾದರೆ 14446 ವ್ಯಸನದ ಸಹಾಯವಾಣಿ, 14416 ಟೆಲಿ ಮನಸ್. ಎರಡಕ್ಕೂ ಖರ್ಚಿಲ್ಲ. ಈ ಎರಡು ನಂಬರು, ಹತ್ತಿರದ ಗುಂಪು ಸೇರುವ ವಾರ, ಹೊತ್ತು, ಜಾಗ ಇಷ್ಟನ್ನು ಪ್ರತಿ ಡೇರಿಯ ಬೋರ್ಡಿನಲ್ಲಿ, ಫ್ಯಾಟ್ ರೇಟಿನ ಪಕ್ಕ ಬರೆಸಿದರೆ ಎಷ್ಟು ಖರ್ಚು? ಒಂದು ಸೀಮೆಸುಣ್ಣ. ಕುಡಿಯುವವರ ಮನೆಯವರಿಗೂ ಅಲ್-ಅನಾನ್ ಅಂತ ಬೇರೆ ಕೂಟ 1951ರಿಂದ ಇದೆ. ನಮ್ಮ ಸ್ತ್ರೀಶಕ್ತಿ ಸಂಘಗಳು ತಿಂಗಳಿಗೊಂದು ಸಂಜೆ ಅದೇ ರೀತಿ ಕೂರಬಹುದು. ಗಂಡನನ್ನು ಬಿಡಿಸುವ ಉಪಾಯ ಹುಡುಕಲು ಅಲ್ಲ, ತಮ್ಮ ಕಷ್ಟ ಹೇಳಿಕೊಳ್ಳಲು.

ನನಗೆ ಅಕ್ಕ ಇದ್ದಳು, ಬಸವೇಶ್ವರನಗರ ಇತ್ತು. ಎಲ್ಲರಿಗೂ ಪೇಟೆಯಲ್ಲಿ ಅಕ್ಕ ಇರುವುದಿಲ್ಲ. ಒಬ್ಬ ರೈತ ಕುಡಿತ ಬಿಡಲು ವಾರವಾರ ಬಸ್ ಚಾರ್ಜು ಕೊಟ್ಟು, ಸುಳ್ಳು ಹೇಳಿ, ಪರಸ್ಥಳಕ್ಕೆ ಹೋಗಬೇಕಾದದ್ದು ಊರಿಗೆ ಮರ್ಯಾದೆ ಅಲ್ಲ. ಹೋಬಳಿಗೊಂದು ಗುಂಪಾದರೂ ಆಗಲಿ. ಬಿಟ್ಟವರು ನಿಮ್ಮ ಊರಲ್ಲೂ ಇಬ್ಬರಾದರೂ ಇದ್ದಾರೆ, ಸುಮ್ಮನಿದ್ದಾರೆ ಅಷ್ಟೆ. ಅವರಿಗೆ ನನ್ನ ವಿನಂತಿ: ಪಕ್ಕದ ಮನೆಯ ಬಾಗಿಲವರೆಗೆ ಹೋದರೆ, ನನ್ನ ಹಾಗೆ ವಾಪಸು ಬರಬೇಡಿ.

ನಿಮ್ಮ ಊರಲ್ಲಿ ಇಂಥ ಗುಂಪು ನಡೆಯುತ್ತಿದ್ದರೆ ಹೇಗೆ ನಡೆಸುತ್ತೀರಿ ಅಂತ ಪತ್ರಿಕೆಗೆ ಬರೆಯಿರಿ. ಹೆಸರು ಬೇಡ.